ನಾಲ್ಕಕ್ಕೊಂದು ಆಳ

ಗುರ್ಕಾರ ಸಾಲ್ವದೋರ್ ಕ್ರಾಸ್ತಾ ಕಲ್ಲನ್ನು ಗೋಣಿಯಲ್ಲಿ ಸುತ್ತಿ
ಸ್ಕೂಟರಿನ ಕಾಲಡಿಯಲ್ಲಿಟ್ಟು ತಂದ,
ನೀರ್ಚಾಲಿನಿಂದ ಗೇರುಗುಡ್ಡೆ ಹತ್ತಿ, ನನ್ನ ಮಾಡಿನಡಿಗೆ.
"ಅರೆಯುವುದಲ್ಲ ಐತೆ, ಬಲಿಪೀಠದ್ದು,"
ಎರಡು ಕೈಯಲ್ಲಿ ಎತ್ತಿ ಕೊಟ್ಟ.
ಕುತ್ತಿಗೆಗೆ ಕೈ ಆನಿಸು ಅನ್ನುವುದೊಂದು ಬಾಕಿ.

ಅಗಲ ಒಂದು ಗೇಣು ನಾಲ್ಕು ಬೆರಳು,
ಉದ್ದ ಅದಕ್ಕಿಂತ ಚೂರು ಹೆಚ್ಚು.
ಮೂಲೆಗೊಂದು ಶಿಲುಬೆ, ನಡುವೆ ಒಂದು.
ಮೂರು ಮಾಸಿವೆ, ಒಂದಕ್ಕೆ ಮೂಲೆಯೇ ಇಲ್ಲ.
ನಡುವೆ ಬೆಂಕಿಪೆಟ್ಟಿಗೆಯಷ್ಟು ಗುಳಿ,
ಶಿಲುಬೆ ಹೊತ್ತ ಅದರ ಮುಚ್ಚಳ ಒಡೆದು ಎರಡು.

"ಒಳಗೆ ಏನಿತ್ತು?"
"ಯಾರೋ ಸಂತರ ಎಲುಬಿನ ಚೂರು. ಮೂರು ಕಾಳು ಧೂಪ."
"ಈಗ?"
"ಫಾದರ್ ಲಿಗೋರಿಯವರ ಕಪಾಟಿನಲ್ಲಿ ಉಂಟು.
ಮುಚ್ಚಳ ಒಡೆದರೆ ಇದು ಬರೀ ಕಲ್ಲಂತೆ.
ನೀನು ಸರಿಮಾಡಿದ ಮೇಲೆ ಬಿಷಪರು ಎಣ್ಣೆ ಹಚ್ಚಬೇಕು."

ಬರೀ ಕಲ್ಲು. ಆ ಮಾತು ಸ್ವಲ್ಪ ನಾಟಿತು.
ಅಮ್ಮಮ್ಮನ ಕಾಲದಿಂದ ನಾವು
ಬರೀ ಕಲ್ಲನ್ನೇ ಕುಟ್ಟಿ ಉಂಡವರು.
ಕುಂಬಳೆಯಿಂದ ಬದಿಯಡ್ಕದ ತನಕ ಅಂಗಳದಿಂದ ಅಂಗಳಕ್ಕೆ
"ಕಲ್ಲು ಕುಟ್ಟಿಸಲಿಕ್ಕುಂಟಾ" ಅಂತ ಕೂಗಿಕೊಂಡು.
ಒಂದು ಮನೆಗೆ ತುಳು, ಒಂದಕ್ಕೆ ಮಲಯಾಳ,
ಕ್ರಾಸ್ತಾನ ಅಮ್ಮನಿಗೆ ಅರೆಬರೆ ಕೊಂಕಣಿ.
ಈಗ ಎಲ್ಲ ಮನೆಯಲ್ಲೂ ಮಿಕ್ಸಿ
ಒಂದೇ ಭಾಷೆಯಲ್ಲಿ ಕಿರುಚುತ್ತದೆ.

ನಮ್ಮ ನೆಲದ್ದು ಮುರಕಲ್ಲು,
ಹೇಳಿದ ಹಾಗೆ ಕೇಳುವ ಜಾತಿ.
ಇದು ಕರಿಕಲ್ಲು. ಉಳಿಗೇ ತಿರುಗಿ ಪ್ರಶ್ನೆ ಹಾಕುತ್ತದೆ.
ಮುಚ್ಚಳಕ್ಕೆ ಇಂಥದೇ ಬೇಕು, ಎಲ್ಲಿಂದ ತರಲಿ?
ಹಿತ್ತಿಲಲ್ಲಿ ಅಮ್ಮಮ್ಮನ ಗುಂಡುಕಲ್ಲು ಇತ್ತು,
ಅರ್ಧ ಮಣ್ಣಲ್ಲಿ, ಕೋಳಿ ಹತ್ತಿ ಕೂರುತ್ತಿದ್ದದ್ದು.
ಅದರದೊಂದು ಬಿಲ್ಲೆ ತೆಗೆದೆ.

ಎರಡನೆಯ ದಿನ, ತಳ ಮಟ್ಟ ಉಂಟಾ ನೋಡಲು
ಮಗುಚಿದೆ.

ತಳ ಮಟ್ಟ ಇರಲಿಲ್ಲ.
ನಡುವೆ ತೆಳುವಾಗಿ ಇಳಿದಿತ್ತು, ನುಣುಪಾಗಿ,
ಹೆಂಗಸರ ಅಂಗೈ ಹೋಗಿ ಬಂದು ಹೋಗಿ ಬಂದು
ಆಗುವ ಇಳುಕಲು.
ಅಂಚಿನಲ್ಲಿ, ಗುಂಡು ತಾಗದಲ್ಲಿ, ಉಳಿಯ ಚುಕ್ಕಿ ಓರೆ ಸಾಲಲ್ಲಿ:
ಮೂರು ಮೇಲುಮೇಲೆ, ನಾಲ್ಕನೆಯದು ಆಳ.
ಮೂರು ಮೇಲುಮೇಲೆ, ನಾಲ್ಕನೆಯದು ಆಳ.

ಹಾಗೆ ಕುಟ್ಟುವುದು ನಮ್ಮ ಮನೆಯವರು.
ಲೆಕ್ಕ ತಪ್ಪಬಾರದು, ಕೈಗೆ ಉಸಿರು ಸಿಗಬೇಕು
ಅಂತ ಅಮ್ಮಮ್ಮನ ಅಮ್ಮ ಕಲಿಸಿದ್ದಂತೆ.
ಬೇರೆಯವರೂ ಹಾಗೆ ಕುಟ್ಟುತ್ತಿದ್ದರೋ ಏನೋ. ನಾನು ಕಂಡಿಲ್ಲ.

ಒಂದು ಚೆಂಬು ನೀರು ಹೊಯ್ದೆ.
ಅರಿಶಿನ ಬರಲಿಲ್ಲ. ಬರಬೇಕೆಂದೂ ಇಲ್ಲ.

ಶನಿವಾರ ಫಾದರ್ ಲಿಗೋರಿ ಕೊಡೆ ಹಿಡಿದು ನಡೆದೇ ಬಂದರು.
ಮೇಲೆ ನೋಡಿ "ಚೆಂದ ಆಗಿದೆ" ಅಂದರು.
ನಾನು ಮಗುಚಿ ತೋರಿಸಿದೆ.
ಅವರ ಬೆರಳು ಇಳುಕಲಲ್ಲಿ ಒಮ್ಮೆ ಜಾರಿತು, ಮತ್ತೊಮ್ಮೆ ಬೇಕೆಂದೇ.
"ಏನು ಅರೆದಿರಬಹುದು?"
"ಮೆಣಸು, ಕೊತ್ತಂಬರಿ. ಬಾಣಂತಿ ಇದ್ದರೆ ಓಮ."
ತುಂಬ ಹೊತ್ತು ಸುಮ್ಮನಿದ್ದರು, ಆಮೇಲೆ ನಗು ಬಂತು ಅವರಿಗೆ.
"ಮೇಲೆ ಐದು ಗಾಯ, ಕೆಳಗೆ ಮೆಣಸು."
"ತಳ ಉಜ್ಜಿ ಮಟ್ಟ ಮಾಡಲಾ?"
"ಬೇಡ ಬೇಡ. ಅದು ಇದ್ದ ಹಾಗೇ ಇರಲಿ."

ದಫ್ತರಕ್ಕೆ ಹೆಸರು ಕೇಳಿದರು.
ಐತೆ ಅಂದೆ. ಐತಾರ ಹುಟ್ಟಿದವಳಾ ಅಂದರು. ಹೌದು ಅಂದೆ.
ಸಾವಿರದ ಇನ್ನೂರು ಕೊಟ್ಟರು, ಎಣಿಸಲಿಲ್ಲ,
ಅವರು ತಿರುವು ದಾಟಿದ ಮೇಲೆ ಎಣಿಸಿದೆ.

ಅಮ್ಮಿಯಾದರೆ ಎರಡು ವರ್ಷಕ್ಕೆ ಸವೆದು ಮತ್ತೆ ಕರೆಯುತ್ತದೆ.
ಇದು ಕರೆಯುವುದಿಲ್ಲ.
ಮೂರು ಪದರ ಬಿಳಿ ಬಟ್ಟೆ, ಅದರ ಮೇಲೆ ಒಂದು ಬಟ್ಟಲಿನ ಭಾರ.
ಅಷ್ಟಕ್ಕೆ ಕಲ್ಲು ಸವೆಯುವುದುಂಟಾ?

ಆದರೆ ಹೊಸ ಮುಚ್ಚಳದ ಮೇಲಿನ ಶಿಲುಬೆಯನ್ನು
ನನ್ನ ಕೈ ಬೇರೆ ಹೇಗೆ ಕುಟ್ಟೀತು?
ಬರುವ ಆದಿತ್ಯವಾರ ಬಿಷಪರು
ಹೆಬ್ಬೆರಳಲ್ಲಿ ಎಣ್ಣೆ ಎಳೆಯುವಾಗ
ಮೂರು ದಾಟಿ ನಾಲ್ಕನೆಯದರಲ್ಲಿ ಚೂರು ತಡೆದೀತು.
ತಡೆಯದಿದ್ದರೂ ಏನಿಲ್ಲ.
ಎಣ್ಣೆಯಂತೂ ಅಲ್ಲಿ ಸ್ವಲ್ಪ ಹೆಚ್ಚು ನಿಲ್ಲುತ್ತದೆ.